ಪಾಠ 11: ಮಿಷನ್ ಬಿಸಿಯಾಗಿ ನಿಂತರೆ ಏನು ಮಾಡಬೇಕು?



ಮಳೆ ಬಂತೆಂದರೆ ಅಡಿಕೆ ತೋಟದಲ್ಲಿ ಹುಲ್ಲು ಮೊಣಕಾಲುದ್ದ ಬೆಳೆಯುತ್ತದೆ. ಮೊದಲು ಕತ್ತಿ ಹಿಡಿದು ಕೊಯ್ಯುತ್ತಿದ್ದೆವು. ಈಗ ಹೆಗಲಿಗೆ ಹಾಕಿಕೊಳ್ಳುವ ಪೆಟ್ರೋಲ್ ಮಿಷನ್ ಬಂದಿದೆ. ಅದು ಕೈಕೊಟ್ಟರೆ ಕೆಲಸವೂ ನಿಲ್ಲುತ್ತದೆ, ಕೂಲಿಯೂ ನಿಲ್ಲುತ್ತದೆ. ಒಂದು ಮನೆಯ ಕಥೆ ಓದೋಣ.

ಮಲೆನಾಡಿನ ಒಂದು ಊರು. ಅಲ್ಲಿ ಅತ್ತೆ, ಸೊಸೆ ಇದ್ದರು. ಮಹಿಳಾ ಸಂಘದ ಸಾಲದಲ್ಲಿ ಹುಲ್ಲು ಹೊಡೆಯುವ ಮಿಷನ್ ತಂದಿದ್ದರು. ಸೊಸೆ ಅದನ್ನು ಹಿಡಿದು ತೋಟ ತೋಟಕ್ಕೆ ಹೋಗುತ್ತಿದ್ದಳು. ಸಾಲದ ಕಂತು ಆ ದುಡಿಮೆಯಿಂದಲೇ ಕಟ್ಟಬೇಕಿತ್ತು.

ಒಂದು ದಿನ ಮಿಷನ್ ಅರ್ಧ ಗಂಟೆ ಓಡಿತು. ಆಮೇಲೆ ಶಕ್ತಿ ಕಡಿಮೆಯಾಯಿತು. ಗರ್ ಗರ್ ಎಂದು ನಿಂತೇಬಿಟ್ಟಿತು. ತಣ್ಣಗಾದ ಮೇಲೆ ಮತ್ತೆ ಚಾಲೂ ಆಯಿತು. ಹತ್ತು ನಿಮಿಷಕ್ಕೆ ಮತ್ತೆ ನಿಂತಿತು.

"ಅತ್ತೆ, ಮಿಷನ್ ಕಾದು ಕೆಂಡ ಆಗೋಗಿದೆ. ನೀರು ಹೊಯ್ಲಾ?" ಎಂದಳು ಸೊಸೆ.

"ಬೇಡ ಮಗಾ. ಕಾದ ಹೆಂಚಿಗೆ ತಣ್ಣೀರು ಬಿದ್ರೆ ಒಡೆಯಲ್ವಾ? ಇದೂ ಹಂಗೇ. ನೆರಳಲ್ಲಿ ಇಡು. ಅದರ ಜೊತೆ ಕೊಟ್ಟ ಪುಸ್ತಕ ತಾ. ಈಗ ನಂಗೂ ಓದಕ್ಕೆ ಬರುತ್ತಲ್ಲ!"

ಅತ್ತೆ ಬೆರಳಿಟ್ಟು ನಿಧಾನವಾಗಿ ಓದಿದರು. "ಪೆಟ್ರೋಲ್ 50 ಪಾಲು, ಎಣ್ಣೆ 1 ಪಾಲು ಅಂತ ಇದೆ. ನೀನು ಎಷ್ಟು ಎಣ್ಣೆ ಹಾಕ್ತೀಯೇ?"

"ಎಣ್ಣೆ ದುಬಾರಿ ಅಲ್ವಾ ಅತ್ತೆ? ಲೀಟರಿಗೆ ಒಂದು ಮುಚ್ಚಳ ಹಾಕ್ತೀನಿ."

ಕೆಮ್ಮಿನ ಔಷಧಿಯ ಹಳೆಯ ಅಳತೆ ಲೋಟ ಮನೆಯಲ್ಲಿತ್ತು. ಒಂದು ಮುಚ್ಚಳ ಎಣ್ಣೆ ಅದಕ್ಕೆ ಹೊಯ್ದು ನೋಡಿದರು. 10 ಮಿ.ಲೀ. ಬಂತು. ಒಂದು ಲೀಟರ್ ಅಂದರೆ 1000 ಮಿ.ಲೀ. ಅದನ್ನು 50ರಿಂದ ಭಾಗಿಸಿದರೆ 20. ಬೇಕಾದದ್ದು 20 ಮಿ.ಲೀ., ಹಾಕುತ್ತಿದ್ದದ್ದು ಅದರ ಅರ್ಧ!

ಈ ಎಣ್ಣೆ ಏಕೆ ಬೇಕು? ಇಂಜಿನ್ನಿನ ಒಳಗೆ ಪಿಸ್ಟನ್ ಮೇಲೆ ಕೆಳಗೆ ಓಡುತ್ತದೆ. ಎಣ್ಣೆ ಕಡಿಮೆಯಾದರೆ ಕಬ್ಬಿಣದ ಗಾಣ ಒಣಗಿದಂತೆ ಉಜ್ಜುತ್ತದೆ. ಬಿಸಿ ಏರುತ್ತದೆ. ಕೊನೆಗೆ ಪಿಸ್ಟನ್ ಹಿಡಿದುಕೊಂಡು ಬಿಡುತ್ತದೆ. ಆಗ ರಿಪೇರಿಗೆ ದೊಡ್ಡ ದುಡ್ಡು ಬೇಕು. ಎಣ್ಣೆಯಲ್ಲಿ ಉಳಿಸಿದ್ದು ಅಲ್ಲಿ ಹೋಗುತ್ತದೆ.

"ಇನ್ನೊಂದು ನೋಡು" ಎಂದರು ಅತ್ತೆ. ಸಿಲಿಂಡರಿನ ಸುತ್ತ ತೆಳ್ಳಗಿನ ಲೋಹದ ಪಟ್ಟಿಗಳಿದ್ದವು. ಅವುಗಳ ಸಂದಿಯಲ್ಲಿ ಹುಲ್ಲು, ಮಣ್ಣು ಗಟ್ಟಿಯಾಗಿ ಕೂತಿತ್ತು. ಈ ಮಿಷನ್ನಿಗೆ ನೀರಿನ ತಂಪು ಇಲ್ಲ. ಗಾಳಿಯೇ ತಂಪು. ಸಂದಿ ಮುಚ್ಚಿದರೆ ಗಾಳಿ ಆಡುವುದು ಹೇಗೆ?

ಅವರು ಕಡ್ಡಿಯಿಂದ, ಬ್ರಷ್‌ನಿಂದ ಕಸ ತೆಗೆದರು. ಟ್ಯಾಂಕಿನಲ್ಲಿದ್ದ ಪೆಟ್ರೋಲ್ ಬೇರೆ ಕ್ಯಾನಿಗೆ ತೆಗೆದರು. ಸರಿಯಾದ ಅಳತೆಯಲ್ಲಿ ಹೊಸದಾಗಿ ಬೆರೆಸಿ, ಚೆನ್ನಾಗಿ ಕುಲುಕಿ ಹಾಕಿದರು. ಮಿಷನ್ ಸಂಜೆಯವರೆಗೆ ನಿಲ್ಲದೆ ಓಡಿತು. ಔಷಧಿಯ ಲೋಟಕ್ಕೆ ಕೆಂಪು ದಾರ ಕಟ್ಟಿ ಎಣ್ಣೆಗೇ ಇಟ್ಟರು. ಅದನ್ನು ಮತ್ತೆ ಔಷಧಿಗೆ ಬಳಸಬಾರದು.

ಮಿಷನ್ ಬಿಸಿಯಾಗಿ ನಿಂತರೆ ಹೀಗೆ ನೋಡಿ

1. ಸ್ವಿಚ್ ಆರಿಸಿ. ಅರ್ಧ ಗಂಟೆ ತಣ್ಣಗಾಗಲು ಬಿಡಿ. ಸೈಲೆನ್ಸರ್ ಮುಟ್ಟಬೇಡಿ, ಕೈ ಸುಡುತ್ತದೆ. ಕೈ ಹಾಕುವ ಮೊದಲು ಪ್ಲಗ್ಗಿನ ಟೋಪಿ ಕಳಚಿ. ಆಗ ಅದು ತಾನಾಗಿ ಚಾಲೂ ಆಗುವುದಿಲ್ಲ.

2. ಎಣ್ಣೆಯ ಅಳತೆ ಸರಿಯಿದೆಯೇ? ಕೆಲವು ಮಿಷನ್ನಿಗೆ ಲೀಟರಿಗೆ 20 ಮಿ.ಲೀ., ಕೆಲವಕ್ಕೆ 40 ಮಿ.ಲೀ. ಬೇಕು. ನಿಮ್ಮ ಮಿಷನ್ನಿನ ಪುಸ್ತಕ ಓದಿ.

3. ಸಿಲಿಂಡರಿನ ಸಂದಿಯಲ್ಲಿ ಕಸ ಇದೆಯೇ? ತೆಗೆಯಿರಿ.

4. ಏರ್ ಫಿಲ್ಟರ್ ಕೊಳೆಯಾಗಿದೆಯೇ? ಸ್ಪಂಜಿನದಾದರೆ ಸೋಪು ನೀರಿನಲ್ಲಿ ತೊಳೆದು, ಹಿಂಡಿ, ಪೂರ್ತಿ ಒಣಗಿಸಿ ಹಾಕಿ. ಕಾಗದದ್ದನ್ನು ತೊಳೆಯಬೇಡಿ. ಫಿಲ್ಟರ್ ಇಲ್ಲದೆ ಓಡಿಸಬೇಡಿ, ಧೂಳು ಒಳಗೆ ಹೋಗುತ್ತದೆ.

5. ಟ್ಯಾಂಕಿಗೆ ಗಾಳಿ ಹೋಗಲು ಸಣ್ಣ ದಾರಿ ಇರುತ್ತದೆ. ಅದು ಕಟ್ಟಿದರೆ ಪೆಟ್ರೋಲ್ ಇಳಿಯುವುದಿಲ್ಲ, ಮಿಷನ್ ನಿಲ್ಲುತ್ತದೆ. ತಣ್ಣಗಾದ ಮೇಲೆ ಮುಚ್ಚಳ ಸಡಿಲಿಸಿ. ಗಾಳಿ ಒಳಗೆ ಎಳೆದ ಸದ್ದು ಕೇಳಿ, ಮುಚ್ಚಳ ಹಾಕಿದಾಗ ಮತ್ತೆ ಓಡಿದರೆ ದೋಷ ಅಲ್ಲೇ ಇರಬಹುದು.

6. ಪ್ಲಗ್ ಬಿಚ್ಚಿ ನೋಡಿ. ತುದಿ ಕಂದು ಬಣ್ಣವಿದ್ದರೆ ಸರಿ. ಕಪ್ಪು ಮಸಿ ಇದ್ದರೆ ಒರೆಸಿ. ಬಿಳಿಚಿದ್ದರೆ ಇಂಜಿನ್ ಹೆಚ್ಚು ಕಾಯುತ್ತಿದೆ ಎಂದು ಅರ್ಥ.

7. ಒದ್ದೆಯಾದ ಎತ್ತರದ ಹುಲ್ಲನ್ನು ಒಮ್ಮೆಗೇ ಹೊಡೆಯಬೇಡಿ. ಮೊದಲು ಮೇಲೆ, ಆಮೇಲೆ ಬುಡಕ್ಕೆ ಹೊಡೆಯಿರಿ.

ಇಷ್ಟಾದರೂ ಸರಿಯಾಗದಿದ್ದರೆ ಓಡಿಸಬೇಡಿ. ಮೆಕ್ಯಾನಿಕ್ ಹತ್ತಿರ ತೋರಿಸಿ.

ನೆನಪಿಡಿ: ಬಿಸಿ ಮಿಷನ್ನಿಗೆ ಪೆಟ್ರೋಲ್ ಹಾಕಬಾರದು. ಹತ್ತಿರ ಒಲೆ, ಬೀಡಿ ಇರಬಾರದು. ಪಾರ್ಕಿನಲ್ಲಿ ತಳ್ಳಿಕೊಂಡು ಹೋಗುವ ಹುಲ್ಲಿನ ಮಿಷನ್ನುಗಳಲ್ಲಿ ಹೆಚ್ಚಿನವಕ್ಕೆ ಎಣ್ಣೆಯ ಜಾಗ ಬೇರೆಯೇ ಇರುತ್ತದೆ. ಅವಕ್ಕೆ ಪೆಟ್ರೋಲಿನಲ್ಲಿ ಎಣ್ಣೆ ಬೆರೆಸಬಾರದು. ಕಡ್ಡಿಯಿಂದ ಎಣ್ಣೆಯ ಮಟ್ಟ ನೋಡಬೇಕು.

ಲೆಕ್ಕ ಮಾಡಿ
ಲೀಟರಿಗೆ 20 ಮಿ.ಲೀ. ಎಣ್ಣೆ ಬೇಕು. 3 ಲೀಟರಿಗೆ ಎಷ್ಟು? ಅರ್ಧ ಲೀಟರಿಗೆ ಎಷ್ಟು?

ಮಾತಾಡೋಣ
1. ಬಿಸಿ ಮಿಷನ್ನಿಗೆ ನೀರು ಏಕೆ ಹೊಯ್ಯಬಾರದು?
2. ಅಂದಾಜಿನ ಅಳತೆಯಿಂದ ನಿಮ್ಮ ಮನೆಯಲ್ಲಿ ಏನಾದರೂ ನಷ್ಟ ಆಗಿದೆಯೇ?