ಬೋರಾನ್: ತೋಟದಲ್ಲಿ ಮತ್ತು ಪ್ರಯೋಗಶಾಲೆಯಲ್ಲಿ

ಚನ್ನಗಿರಿ ತಾಲ್ಲೂಕಿನ ಅಡಿಕೆ ತೋಟವೊಂದರಲ್ಲಿ ಸೀಳಿದ ಹಸಿ ಕಾಯಿಗಳು ಮರದ ಬುಡದಲ್ಲಿ ಬಿದ್ದಿದ್ದವು. ಯಜಮಾನರು ಕೈಯಲ್ಲಿದ್ದ ಪೊಟ್ಟಣ ತೋರಿಸಿ, "ಅಂಗಡಿಯಲ್ಲಿ ಬೋರಾನ್ ಹಾಕಿ ಅಂದ್ರು. ಮರಕ್ಕೊಂದು ಹಿಡಿ ಸಾಕೇನ್ರಿ ಸಾರ್?" ಎಂದು ಕೇಳಿದರು. ಹಿಡಿಯ ಲೆಕ್ಕ ಈ ಪೋಷಕಾಂಶಕ್ಕೆ ಒಗ್ಗುವುದಿಲ್ಲ. ಕಡಿಮೆಯಾದರೂ ಬೆಳೆ ಕೆಡುತ್ತದೆ, ತುಸು ಹೆಚ್ಚಾದರೂ ಕೆಡುತ್ತದೆ. ಎರಡರ ನಡುವಿನ ಅಂತರ ಬಹಳ ಕಿರಿದು.

ಬೋರಾನ್ ನಮಗೆ ಹೊಸದಲ್ಲ. ಅಕ್ಕಸಾಲಿಗರು ಬೆಸುಗೆಗೆ ಬಳಸುವ ಬಿಳಿಗಾರವೇ ಬೋರಾಕ್ಸ್. ಗಿಡಗಳಿಗೆ ಬೋರಾನ್ ಬೇಕೇಬೇಕೆಂದು 1923ರಲ್ಲಿ ಇಂಗ್ಲೆಂಡಿನ ಕ್ಯಾಥರೀನ್ ವಾರಿಂಗ್ಟನ್ ತೋರಿಸಿದರು. ಅದರ ಮುಖ್ಯ ಕೆಲಸ ಸ್ಪಷ್ಟವಾದದ್ದು 1996ರಲ್ಲಿ: ಜೀವಕೋಶದ ಗೋಡೆಯಲ್ಲಿರುವ ಎರಡು ಸಕ್ಕರೆ ಸರಪಳಿಗಳನ್ನು ಒಂದು ಬೋರಾನ್ ಪರಮಾಣು ಕೂಡಿಸಿ ಹಿಡಿಯುತ್ತದೆ. ಚಿನ್ನದ ಕೆಲಸದಲ್ಲಿ ಬಿಳಿಗಾರ ಬೆಸುಗೆಗೆ ನೆರವಾಗುತ್ತದೆ. ಗಿಡದಲ್ಲಿ ಬೋರಾನೇ ಬೆಸುಗೆ. ಹಳೆಯ ಎಲೆಯಿಂದ ಹೊಸ ಎಲೆಗೆ ಅದು ಹೆಚ್ಚಿನ ಬೆಳೆಗಳಲ್ಲಿ ಸಾಗದು. ಆದ್ದರಿಂದ ಕೊರತೆ ಮೊದಲು ಕಾಣುವುದು ಸುಳಿ, ಹೂ, ಕಾಯಿಗಳಲ್ಲಿ. ಅಡಿಕೆಯ ಎಳೆಯ ಗರಿ ಸುಕ್ಕುಗಟ್ಟುತ್ತದೆ. ಶೇಂಗಾ ಬೀಜದ ಒಳಭಾಗ ಟೊಳ್ಳಾಗುತ್ತದೆ.

ಮಣ್ಣಿನಲ್ಲಿ ಬೋರಾನ್ ನೀರಿನೊಡನೆ ಚಲಿಸುತ್ತದೆ. ನ್ಯಾಮತಿಯ ಹಗುರ ಕೆಂಪು ಮಣ್ಣಿನಲ್ಲಿ ಜೋರು ಮಳೆಗೆ ಅದು ಬೇರಿನ ಕೆಳಗೆ ಬಸಿದು ಹೋಗಬಹುದು. ಜಗಳೂರಿನಲ್ಲಿ ತೊಂದರೆ ತದ್ವಿರುದ್ಧ: ಮಳೆ ಕೈಕೊಟ್ಟಾಗ ಮಣ್ಣಿನಲ್ಲಿ ಬೋರಾನ್ ಇದ್ದರೂ ಬೇರಿಗೆ ತಲುಪದು.

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಜಗಳೂರು ಕಡೆಯ ರೈತರೊಬ್ಬರಿಗೆ ಎಕರೆಗೆ ನಾಲ್ಕು ಕಿಲೋ ಬೋರಾಕ್ಸ್ ಹಾಕಿ ಎಂದಷ್ಟೇ ಹೇಳಿದ್ದೆ. ಬೀಜಕ್ಕೆ ತಾಗಬಾರದು ಎಂದು ಹೇಳಲು ಮರೆತಿದ್ದೆ. ಅವರು ಶೇಂಗಾ ಬೀಜದ ಸಾಲಿನಲ್ಲೇ ಬಿಟ್ಟರು. ಸಾಲುಸಾಲು ಮೊಳಕೆ ಏಳಲಿಲ್ಲ. "ಅಳತೆ ನೀವೇ ಹೇಳಿದ್ದಲ್ಲಾ ಸ್ವಾಮಿ" ಎಂದ ಅವರ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ.

ಬೇಕಾದಲ್ಲಿಗೆ ಮಾತ್ರ ಬೋರಾನ್ ತಲುಪಿಸುವುದು ಹೇಗೆ ಎಂಬ ಇದೇ ಪ್ರಶ್ನೆಯ ಮೇಲೆ ದುಡಿದವರಲ್ಲಿ ನಮ್ಮ ನಾಡಿನ ರಸಾಯನ ವಿಜ್ಞಾನಿಯೊಬ್ಬರಿದ್ದಾರೆ. 1948ರಲ್ಲಿ ಗೋಕರ್ಣದಲ್ಲಿ ಹುಟ್ಟಿದ ನಾರಾಯಣ ಹೊಸ್ಮನೆಯವರು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಓದಿ, 1974ರಲ್ಲಿ ಎಡಿನ್‌ಬರೋದಲ್ಲಿ ಡಾಕ್ಟರೇಟ್ ಪಡೆದು, 1998ರಲ್ಲಿ ಅಮೆರಿಕದ ನಾರ್ದರ್ನ್ ಇಲಿನಾಯ್ ವಿಶ್ವವಿದ್ಯಾಲಯ ಸೇರಿದರು. ಬೋರಾನ್ ಮತ್ತು ಇಂಗಾಲದ ಪರಮಾಣುಗಳು ಪಂಜರದಂತೆ ಹೆಣೆದುಕೊಂಡ ಕಾರ್ಬೋರೇನ್‌ಗಳು, ಅವಕ್ಕೆ ಲೋಹ ಕೂಡಿಸಿದ ಸಂಯುಕ್ತಗಳು ಅವರ ಅಧ್ಯಯನದ ವಸ್ತು. ಇದರ ಒಂದು ಗುರಿ ಕ್ಯಾನ್ಸರ್ ಚಿಕಿತ್ಸೆ. ನಿಸರ್ಗದ ಬೋರಾನ್‌ನಲ್ಲಿ ಸುಮಾರು ಐದನೇ ಒಂದು ಪಾಲು ಬೋರಾನ್-10. ನ್ಯೂಟ್ರಾನ್ ತಾಗಿದರೆ ಅದು ಒಡೆಯುತ್ತದೆ. ಸಿಡಿದ ಚೂರುಗಳು ಹೆಚ್ಚುಕಡಿಮೆ ಒಂದು ಜೀವಕೋಶದಷ್ಟೇ ದೂರ ಹೋಗುತ್ತವೆ. ಬೋರಾನ್ ಗೆಡ್ಡೆಯಲ್ಲಿ ಮಾತ್ರ ಸೇರಿದ್ದರೆ ರೋಗದ ಕೋಶವಷ್ಟೇ ಸಾಯಬೇಕು. ಅದನ್ನು ಅಲ್ಲಿಗೇ ಸೇರಿಸುವುದೇ ಕಷ್ಟ. ಇಂಗಾಲಕ್ಕೆ ಬೋರಾನ್ ಕೂಡಿಸಿದ ಇಂಥ ಒಂದು ಔಷಧಕ್ಕೆ ಜಪಾನ್ 2020ರಲ್ಲಿ, ತಲೆ ಮತ್ತು ಕತ್ತಿನ ಕ್ಯಾನ್ಸರಿಗಾಗಿ, ಒಪ್ಪಿಗೆ ನೀಡಿತು.

ಈ ಸಂಯುಕ್ತಗಳನ್ನು ಸಾವಯವ ಬೋರಾನ್ ಎನ್ನುವುದುಂಟು. ಇಲ್ಲಿ ಸಾವಯವವೆಂದರೆ ಕೊಟ್ಟಿಗೆ ಗೊಬ್ಬರದ ಅರ್ಥವಲ್ಲ. ಇವು ಬೆಳೆಗೆ ಹಾಕುವ ವಸ್ತುವೂ ಅಲ್ಲ. ಪೊಟ್ಟಣದ ಮೇಲಿನ ಹೆಸರಿಗೆ ಮರುಳಾಗದೆ ಬೋರಾನ್ ಶೇಕಡಾ ಎಷ್ಟೆಂದು ಓದಿರಿ. ಬೋರಾಕ್ಸ್‌ನಲ್ಲಿ ಸುಮಾರು 10.5, ಸಿಂಪರಣೆಯ ಆಕ್ಟಾಬೋರೇಟ್‌ನಲ್ಲಿ 20. ಬೋರಾಕ್ಸ್‌ನ ಅಳತೆಯನ್ನು ಆಕ್ಟಾಬೋರೇಟ್‌ಗೆ ಬಳಸಿದರೆ ಸುಮಾರು ಇಮ್ಮಡಿ ಬೀಳುತ್ತದೆ. ಹೆಚ್ಚಾದ ಗುರುತು ಹಳೆಯ ಎಲೆಗಳ ತುದಿ, ಅಂಚು ಸುಟ್ಟಂತಾಗುವುದು.

ಸೂರ್ಯಕಾಂತಿಗೆ ಹೊರಗಿನ ಹಳದಿ ದಳ ಬಿಚ್ಚುವಾಗ ಲೀಟರಿಗೆ 2 ಗ್ರಾಂ ಬೋರಾಕ್ಸ್ ಸಿಂಪಡಿಸಬೇಕು. ಮೊದಲು ಸ್ವಲ್ಪ ಬಿಸಿನೀರಿನಲ್ಲಿ ಕರಗಿಸಿಕೊಳ್ಳಿರಿ. ಅಡಿಕೆ ಗೊನೆಗೂ ಇದೇ ಪ್ರಮಾಣ. ಆದರೆ ಕಾಯಿ ಸೀಳುವುದೆಲ್ಲ ಬೋರಾನ್ ಕೊರತೆಯಲ್ಲ. ಒಣಗಿದ ತೋಟಕ್ಕೆ ಒಮ್ಮೆಲೇ ನೀರು ಬಿಟ್ಟರೆ, ನೀರು ನಿಂತರೆ, ಆಗಲೂ ಸೀಳುತ್ತದೆ. ಭದ್ರಾ ನಾಲೆಯ ನೀರು ಸಿಗುವ ಚನ್ನಗಿರಿ, ಹೊನ್ನಾಳಿಯ ತೋಟಗಳಲ್ಲಿ ಇದನ್ನೇ ಮೊದಲು ನೋಡಬೇಕು.

ಆ ತೋಟದ ಬಸಿಗಾಲುವೆ ಹೂಳು ತುಂಬಿ ಮುಚ್ಚಿಹೋಗಿತ್ತು. ಪೊಟ್ಟಣವನ್ನು ಅಟ್ಟದ ಮೇಲಿಡಲು ಹೇಳಿ, ಮಣ್ಣಿನ ಮಾದರಿ ತೆಗೆದುಕೊಂಡು ಬಂದೆ. ಕಾಲುವೆಗೆ ಮರುದಿನವೇ ಗುದ್ದಲಿ ಬಿತ್ತು.