ವಿನೆಗರ್ ಪರೀಕ್ಷೆ: ಮುಂಬೈಯಿಂದ ಬಂದ ಪಾಠ

ಸಂಘದ ಸಭೆಯಲ್ಲಿ ಉಳಿತಾಯ, ಸಾಲದ ಕಂತು, ಬಡ್ಡಿ ಎಲ್ಲದರ ಬಗ್ಗೆ ಗಟ್ಟಿಯಾಗಿ ಮಾತಾಡ್ತೇವೆ. ಆದರೆ ಬಿಳಿಸೆರಗು ವಾಸನೆ ಬರ್ತಿದೆ, ಮುಟ್ಟು ನಿಂತ ಮೇಲೂ ರಕ್ತ ಕಾಣ್ತಿದೆ ಅಂತ ಪಕ್ಕದವಳ ಹತ್ತಿರ ಹೇಳೋಕೂ ನಾಚಿಕೆ. ಹೀಗಾಗಿ ಗರ್ಭಕೋಶದ ಬಾಯಿಯ ಕ್ಯಾನ್ಸರ್ ಎಷ್ಟೋ ಮಂದಿಗೆ ಕೈ ಮೀರಿದ ಮೇಲೇ ಗೊತ್ತಾಗ್ತದೆ.

ಈ ಕಾಯಿಲೆ ಯಾರ ಶಾಪವೂ ಅಲ್ಲ. ಇದಕ್ಕೆ ಎಚ್‌ಪಿವಿ ಎಂಬ ವೈರಸ್ ಕಾರಣವೆಂದು ಜರ್ಮನಿಯ ವಿಜ್ಞಾನಿ ಹರಾಲ್ಡ್ ತ್ಸುರ್ ಹೌಸೆನ್ 1983-84ರಲ್ಲಿ ತೋರಿಸಿದರು. 2008ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂತು. ಲೈಂಗಿಕ ಸಂಪರ್ಕದಿಂದ ಹರಡುವ ಈ ವೈರಸ್ ಬಹಳ ಸಾಮಾನ್ಯ, ಗಂಡ ಹೆಂಡತಿ ಇಬ್ಬರಲ್ಲೂ ಇರಬಹುದು. ಹೆಚ್ಚಿನವರಲ್ಲಿ ಅದು ತಾನಾಗಿಯೇ ಹೋಗ್ತದೆ. ಕೆಲವರಲ್ಲಿ ಮಾತ್ರ ಉಳಿದು, ಕ್ಯಾನ್ಸರ್ ಆಗಲು ಸಾಮಾನ್ಯವಾಗಿ 15-20 ವರ್ಷ ಹಿಡಿಯುತ್ತದೆ. ಎಚ್‌ಐವಿ ಇರುವವರಲ್ಲಿ ಬೇಗ ಆಗಬಹುದು. ಅಂದರೆ ನಮಗೆ ಸಮಯ ಇದೆ. ಆದರೆ ಆ ಸಮಯದಲ್ಲಿ ನೋವೇ ಇರೋದಿಲ್ಲ, ಅದೇ ತೊಂದರೆ.

ಶ್ರೀಮಂತ ದೇಶಗಳಲ್ಲಿ ಪ್ಯಾಪ್ ಪರೀಕ್ಷೆ ಇದೆ. ಅದಕ್ಕೆ ಪ್ರಯೋಗಾಲಯ ಬೇಕು, ನುರಿತ ಕಣ್ಣು ಬೇಕು. ನಮ್ಮಂಥ ಕಡೆ ಏನು ಮಾಡೋದು? ಮುಂಬೈಯ ಟಾಟಾ ಮೆಮೋರಿಯಲ್ ಆಸ್ಪತ್ರೆಯ ಡಾ. ಸುರೇಂದ್ರ ಶಾಸ್ತ್ರಿ ಮತ್ತು ಅವರ ತಂಡ 1998ರಲ್ಲಿ ಒಂದು ಅಧ್ಯಯನ ಶುರು ಮಾಡಿತು. ಕೊಳೆಗೇರಿಗಳಲ್ಲಿ ವಾಸಿಸುವ, 35ರಿಂದ 64 ವರ್ಷದ ಸುಮಾರು ಒಂದೂವರೆ ಲಕ್ಷ ಮಹಿಳೆಯರು ಅದರಲ್ಲಿದ್ದರು. ಪರೀಕ್ಷೆ ಮಾಡಿದ್ದು ಡಾಕ್ಟರುಗಳಲ್ಲ. ಹತ್ತನೇ ತರಗತಿಯವರೆಗೆ ಓದಿದ ಹೆಂಗಸರಿಗೆ ಕೆಲವು ವಾರ ತರಬೇತಿ ಕೊಟ್ಟು ಆರೋಗ್ಯ ಕಾರ್ಯಕರ್ತೆಯರನ್ನಾಗಿ ಮಾಡಿದ್ದರು.

ಪರೀಕ್ಷೆ ಹೀಗೆ: ಉಪ್ಪಿನಕಾಯಿಗೆ ಹಾಕ್ತೇವಲ್ಲ, ಆ ವಿನೆಗರಿನಲ್ಲಿರುವ ಆಮ್ಲವನ್ನು ನೀರಿನಲ್ಲಿ ಬೆರೆಸಿ, ಹತ್ತಿಯಿಂದ ಗರ್ಭಕೋಶದ ಬಾಯಿಗೆ ಹಚ್ಚುತ್ತಾರೆ. ಒಂದು ನಿಮಿಷ ಕಾಯ್ತಾರೆ. ಕೆಟ್ಟ ಜೀವಕೋಶಗಳಿದ್ದ ಜಾಗ ಬೆಳ್ಳಗಾಗ್ತದೆ, ಕಣ್ಣಿಗೇ ಕಾಣ್ತದೆ. (ದಯವಿಟ್ಟು ಮನೆಯಲ್ಲಿ ಯಾರೂ ಪ್ರಯತ್ನಿಸಬೇಡಿ.) ಬಿಳಿ ಕಂಡರೆ ಕ್ಯಾನ್ಸರ್ ಅಂತಲೇ ಅಲ್ಲ, ಮುಂದಿನ ತಪಾಸಣೆ ಬೇಕು ಅಂತ ಅರ್ಥ.

ಎರಡು ವರ್ಷಕ್ಕೊಮ್ಮೆ, ನಾಲ್ಕು ಸುತ್ತು ಪರೀಕ್ಷೆ ನಡೆಯಿತು. 2013ರಲ್ಲಿ ಫಲಿತಾಂಶ ಹೊರಬಂತು. ಪರೀಕ್ಷೆ ನಡೆದ ಬಸ್ತಿಗಳಲ್ಲಿ ಈ ಕ್ಯಾನ್ಸರ್‌ನಿಂದ ಸಾಯುವವರು ಶೇಕಡಾ 31 ಕಡಿಮೆ. ಗಮನಿಸಿ, ಕ್ಯಾನ್ಸರ್ ಬಂದವರ ಪ್ರಮಾಣ ಎರಡೂ ಕಡೆ ಹೆಚ್ಚುಕಡಿಮೆ ಒಂದೇ. ವ್ಯತ್ಯಾಸ ಆಗಿದ್ದು ಬೇಗ ಸಿಕ್ಕಿ, ಬೇಗ ಚಿಕಿತ್ಸೆ ಆದದ್ದರಿಂದ.

ಇನ್ನೊಂದು ಮಾತನ್ನೂ ಮುಚ್ಚಿಡಬಾರದು. ಹೋಲಿಸಿ ನೋಡೋದಕ್ಕಾಗಿ ಅರ್ಧದಷ್ಟು ಮಹಿಳೆಯರಿಗೆ ಈ ಪರೀಕ್ಷೆ ಮಾಡಿರಲಿಲ್ಲ, ಅರಿವು ಮಾತ್ರ ಮೂಡಿಸಿದ್ದರು. ಇದು ಸರಿಯೇ ಅಂತ ದೊಡ್ಡ ಚರ್ಚೆ ಆಯಿತು. ಆ ಪ್ರಶ್ನೆ ನ್ಯಾಯವಾದದ್ದೇ ಅನ್ನಿಸ್ತದೆ. ಆ ಬಸ್ತಿಗಳಲ್ಲಿ ಸತ್ತವರೂ ಯಾರದೋ ತಾಯಿ, ಅಕ್ಕತಂಗಿಯರು.

ಕೇಂದ್ರ ಸರ್ಕಾರದ 2016ರ ಮಾರ್ಗಸೂಚಿಯಲ್ಲಿ 30ರಿಂದ 65 ವರ್ಷದವರಿಗೆ ಐದು ವರ್ಷಕ್ಕೊಮ್ಮೆ ಇದೇ ಪರೀಕ್ಷೆ ಮಾಡಬೇಕೆಂದು ಹೇಳಿದೆ. ವೈರಸ್ಸನ್ನೇ ಹುಡುಕುವ ಎಚ್‌ಪಿವಿ ಪರೀಕ್ಷೆ ಇನ್ನೂ ಉತ್ತಮ ಅಂತ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ತಿಳಿಸಿತು. ಮುಟ್ಟು ನಿಂತವರಲ್ಲಿ ವಿನೆಗರ್ ಪರೀಕ್ಷೆ ಅಷ್ಟು ಸರಿಯಾಗಿ ಕಾಣೋದಿಲ್ಲ, ಅವರು ಡಾಕ್ಟರನ್ನು ಕೇಳಿ ಬೇರೆ ಪರೀಕ್ಷೆ ಮಾಡಿಸಿಕೊಳ್ಳಬೇಕು. ಹೆಣ್ಣುಮಕ್ಕಳಿಗೆ 9ರಿಂದ 14 ವಯಸ್ಸಿನಲ್ಲಿ ಲಸಿಕೆ ಹಾಕಿಸಿದರೆ ಒಳ್ಳೆಯದು. ಲಸಿಕೆ ಆದವರಿಗೂ ಮುಂದೆ ಪರೀಕ್ಷೆ ಬೇಕೇ ಬೇಕು. ರಕ್ತಸ್ರಾವ ಆಗ್ತಿರುವವರು ಮಾತ್ರ ಶಿಬಿರಕ್ಕಾಗಿ ಕಾಯದೆ ನೇರ ಆಸ್ಪತ್ರೆಗೆ ಹೋಗಿ.

ಸಭೆಯಲ್ಲಿ ಚರ್ಚಿಸಿರಿ:
ನಮ್ಮ ಸಂಘದಲ್ಲಿ 30 ದಾಟಿದವರು ಎಷ್ಟು ಮಂದಿ? ಅವರಲ್ಲಿ ಎಷ್ಟು ಮಂದಿ ಪರೀಕ್ಷೆ ಮಾಡಿಸಿದ್ದಾರೆ?
ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಯಾವ ದಿನ ಮಾಡ್ತಾರೆ ಅಂತ ಆಶಾ ಕಾರ್ಯಕರ್ತೆಯನ್ನು ಯಾರು ಕೇಳಿ ಬರುತ್ತೀರಿ? ಒಬ್ಬೊಬ್ಬರೇ ಹೋಗಲು ಹಿಂಜರಿಕೆಯಾದರೆ ಯಾರ ಜೊತೆ ಯಾರು ಹೋಗ್ತೀರಿ?