ಕಾಯದೇ ಕರಗುವ ಹರಳು

ನನ್ನವ್ವಾ, ಬಿ.ಎಸ್ಸಿ. ಮುಗಿಸಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಲೇಸರಿನ ಕೆಲಸ ಕಲಿಯಲು ಹೊರಟಿದ್ದೀ. ನನಗಂತೂ ಹಿಗ್ಗೋ ಹಿಗ್ಗು. ಜಾಣೆ ನೀನು. ಆದರೆ ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಒಗೆಯುವ ಚಟ ಬಿಡವ್ವ. ಮೊನ್ನೆ, "ಲೇಸರ್ ಬಿದ್ದರೆ ಸಿಲಿಕಾನ್ ಯಾಕೆ ಕರಗುತ್ತದೆ?" ಅಂತ ನಾನು ಕೇಳಿದರೆ, "ಬಿಸಿಯಾಗುತ್ತದೆ, ಕರಗುತ್ತದೆ, ಅದರಲ್ಲೇನಿದೆ?" ಅಂದುಬಿಟ್ಟೆ ನೀನು.

ಕುಲುಮೆಯಲ್ಲಾದರೆ ಸರಿ. ಅಲ್ಲಿ 1,414 ಡಿಗ್ರಿ ಸೆಲ್ಸಿಯಸ್ ಮುಟ್ಟಿದ ಮೇಲೆಯೇ ಸಿಲಿಕಾನ್ ಕರಗುವುದು. ನಾನು ಕೇಳಿದ್ದು ಫೆಮ್ಟೊಸೆಕೆಂಡ್ ಲೇಸರಿನ ಮಾತು. 100 ಫೆಮ್ಟೊಸೆಕೆಂಡಿನಲ್ಲಿ ಬೆಳಕೇ ಓಡುವುದು ಬರೀ 0.03 ಮಿಲಿಮೀಟರ್. ಅಷ್ಟರಲ್ಲಿ ಪರಮಾಣುವಿಗೆ ಬಿಸಿ ಮುಟ್ಟುವುದು ಹೇಗೆ? ಬೆಳಕನ್ನು ಮೊದಲು ನುಂಗುವುದು ಎಲೆಕ್ಟ್ರಾನು. ಅದು ಪರಮಾಣುವಿಗೆ ಬಿಸಿ ದಾಟಿಸಲು ಪಿಕೊಸೆಕೆಂಡುಗಳೇ ಬೇಕು, ಅಂದರೆ ಸಾವಿರಾರು ಫೆಮ್ಟೊಸೆಕೆಂಡು. ಹರಳು ಅಷ್ಟು ಹೊತ್ತು ತಾಳುವುದಿಲ್ಲ.

ನಮ್ಮ ಇಟಗಿಯ ಕಣದಲ್ಲಿ ಕಣಿಕಿ ಸಿವುಡಿನ ಕಟ್ಟು ಬಿಚ್ಚುವುದನ್ನು ನೋಡಿದ್ದೀಯಲ್ಲ? ಸುಡಬೇಕಿಲ್ಲ, ಬಡಿಯಬೇಕಿಲ್ಲ, ತಾನಾಗೇ ಹರವಿಕೊಳ್ಳುತ್ತದೆ. ಸಿಲಿಕಾನಿನಲ್ಲಿ ಆ ಕಟ್ಟು ಎಲೆಕ್ಟ್ರಾನುಗಳದು. ಒಂದೊಂದು ಪರಮಾಣುವೂ ನಾಲ್ಕು ಎಲೆಕ್ಟ್ರಾನು ತೊಡಗಿಸಿ ನಾಲ್ಕು ನೆರೆಯವರನ್ನು ಹಿಡಿದಿರುತ್ತದೆ. ಐದು ಪರಮಾಣುಗಳಿಗೆ ಇಪ್ಪತ್ತಾಯಿತು. ಆ ಇಪ್ಪತ್ತರಲ್ಲಿ ಹೆಚ್ಚುಕಡಿಮೆ ಎರಡನ್ನು ಬೆಳಕು ಒಮ್ಮೆಲೇ ಮೇಲೆಬ್ಬಿಸಿದರೆ ಸಾಕು, ಹಿಡಿತ ಸಡಿಲ.

1983ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಚಾರ್ಲ್ಸ್ ಶ್ಯಾಂಕ್ ಮತ್ತು ಸಂಗಡಿಗರು ಇದರ ಸುಳಿವನ್ನು ಸಿಲಿಕಾನಿನ ಹೊಳಪಿನಲ್ಲಿ ಹಿಡಿದರು. ಕರಗಿದ ಸಿಲಿಕಾನ್ ಲೋಹದ ಗುಣ ತಾಳಿ ಹೆಚ್ಚು ಮಿಂಚುತ್ತದೆ. ಮುಂದೆ 2005ರಲ್ಲಿ ಪರಮಾಣುಗಳ ಚಲನೆಯನ್ನೇ ಎಕ್ಸ್-ಕಿರಣದಿಂದ ಹಿಂಬಾಲಿಸಲಾಯಿತು. ಸ್ಟ್ಯಾನ್‌ಫರ್ಡಿನಲ್ಲಿ, ಇಂಡಿಯಂ ಆಂಟಿಮೊನೈಡ್ ಎಂಬ ಇನ್ನೊಂದು ಅರೆವಾಹಕದ ಮೇಲೆ. ಅಲ್ಲಿ ಕಂಡದ್ದನ್ನು ನಿಧಾನಕ್ಕೆ ಓದು. ಶುರುವಿನಲ್ಲಿ ಪರಮಾಣುಗಳಿಗೆ ಹೊಸ ವೇಗವೇನೂ ಬಂದಿರಲಿಲ್ಲ. ಕೋಣೆಯ ಉಷ್ಣತೆಯಲ್ಲಿ ನಡುಗುತ್ತಿದ್ದ ಅದೇ ವೇಗದಲ್ಲಿ, ಹಿಡಿಯುವವರಿಲ್ಲದೆ, ಸುಮ್ಮನೆ ಸರಿದು ಹೋಗಿದ್ದವು. ಎಷ್ಟು ಚೆಂದ ಅಲ್ಲವೇನೇ! ಇಂಥದ್ದನ್ನು "ಅದರಲ್ಲೇನಿದೆ" ಅಂತ ದಾಟಿ ಹೋಗುತ್ತಿದ್ದೆಯಲ್ಲ.

ಇನ್ನೊಂದು ಮಾತು. ಆ ಲೇಸರುಗಳಲ್ಲಿ ಬಹಳಷ್ಟು 800 ನ್ಯಾನೊಮೀಟರಿನವು. ಆ ಬೆಳಕು ಕಣ್ಣಿಗೆ ಕಂಡೂ ಕಾಣದ ಮಂಕು ಕೆಂಪು. ಮಂಕು ಅಂತ ಸಸಾರ ಮಾಡಬೇಡ, ಕಣ್ಣು ಹೋದೀತು. ರಕ್ಷಣೆಯ ಕನ್ನಡಕ ಹಾಕದೆ ಪ್ರಯೋಗಾಲಯದ ಒಳಗೆ ಕಾಲಿಡಬೇಡ. ಕಿರಣ ಓಡುವ ಮೇಜಿನ ಮಟ್ಟಕ್ಕೆ ಮುಖ ಬಗ್ಗಿಸಬೇಡ. ಹೊಳೆಯುವುದಕ್ಕೆ ತಾಗಿದರೆ ಕಿರಣ ಎತ್ತಲೋ ಚಿಮ್ಮುತ್ತದೆ, ಆದ್ದರಿಂದ ಉಂಗುರ, ಗಡಿಯಾರ ತೆಗೆದಿಡು. ಬಳೆಯನ್ನೂ. ಭೀಮವ್ವನ ಗುಡಿಯ ಮುಂದೆ ಅಜ್ಜಿ ಇಡಿಸಿದ್ದು ಅಂತ ಹಠ ಹಿಡಿಯಬೇಡ, ಅಜ್ಜಿಯೇ ಹೇಳುತ್ತಿದ್ದೇನೆ, ತೆಗೆ.